ನಿಂತು ಹೋದ ಗಣಕ ಭಾಷೆಯೂ ಸಂಘದ ಲೆಕ್ಕವೂ



ಸಂಘ ಹುಟ್ಟಿದ ಬಗೆ, ಹಿರಿಯರು ಪಟ್ಟ ಶ್ರಮ, ಕಟ್ಟಡ ಕಟ್ಟಿದ ಕಥೆ, ಇವನ್ನೆಲ್ಲ ಈ ಬೆಳ್ಳಿ ಹಬ್ಬದ ಸಂಚಿಕೆಯಲ್ಲಿ ಬೇರೆಯವರು ಬರೆದಿದ್ದಾರೆ. ನಮ್ಮ ಪಾಲಿಗೆ ಬಂದ ವಿಷಯ ಬೇರೆ. ಹಾಲಿನ ಲೆಕ್ಕ ಇಡುತ್ತಿದ್ದ ಹಳೇ ಕಂಪ್ಯೂಟರ್ ಪ್ರೋಗ್ರಾಮನ್ನು ಆಡಳಿತ ಮಂಡಳಿ ಬದಲಾಯಿಸಿದಾಗ ಮಹಾಸಭೆಯಲ್ಲಿ ಹಲವರು, "ಚೆನ್ನಾಗಿ ನಡೀತಾ ಇರೋದನ್ನ ಯಾಕ್ರೀ ಬದಲಾಯಿಸ್ತೀರಿ?" ಅಂತ ಕೇಳಿದ್ದರು. ನ್ಯಾಯವಾದ ಪ್ರಶ್ನೆಯೇ. ಎಸ್.ಎಸ್.ಎಲ್.ಸಿ. ಓದಿ ಹೊಲ ಹಿಡಿದ ನಾವು ಈ ವಿದ್ಯೆಯಲ್ಲಿ ಪಂಡಿತರೇನಲ್ಲ. ಆದರೆ ಆ ಪ್ರೋಗ್ರಾಮನ್ನು ಬರೆದಿದ್ದ ಭಾಷೆಯ ಚರಿತ್ರೆಯನ್ನು ಕೇಳಿ, ಓದಿ ತಿಳಿದುಕೊಂಡ ಮೇಲೆ ಉತ್ತರ ಅದರೊಳಗೇ ಇದೆ ಅನ್ನಿಸಿತು.

ಆ ಭಾಷೆಯ ಹೆಸರು ವಿಷುಯಲ್ ಬೇಸಿಕ್. ಅದರ ಬೇರು ಅಮೆರಿಕದ ಡಾರ್ಟ್‌ಮೌತ್ ಕಾಲೇಜಿನಲ್ಲಿದೆ. ಅಲ್ಲಿನ ಗಣಿತದ ಪ್ರಾಧ್ಯಾಪಕರಾದ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್ ಅವರು 1964ರಲ್ಲಿ ಬೇಸಿಕ್ ಎಂಬ ಸರಳ ಭಾಷೆ ಮಾಡಿದರು. ವಿಜ್ಞಾನ ಓದದ ಹುಡುಗರಿಗೂ ಕಂಪ್ಯೂಟರ್ ಕೈಗೆ ಸಿಗಲಿ ಅನ್ನೋದು ಅವರ ಆಸೆ. 1975ರಲ್ಲಿ ಬಿಲ್ ಗೇಟ್ಸ್ ಮತ್ತು ಪಾಲ್ ಅಲೆನ್ ಆಲ್ಟೇರ್ ಎಂಬ ಸಣ್ಣ ಯಂತ್ರಕ್ಕೆ ಅದನ್ನು ಹೊಂದಿಸಿಕೊಟ್ಟರು. ಮೈಕ್ರೋಸಾಫ್ಟ್ ಕಂಪನಿಯ ವ್ಯಾಪಾರ ಶುರುವಾದದ್ದೇ ಅದರಿಂದ.

1991ರಲ್ಲಿ ಅದೇ ಕಂಪನಿ ವಿಷುಯಲ್ ಬೇಸಿಕ್ ಹೊರತಂದಿತು. ಅಲ್ಲಿಯವರೆಗೆ ವಿಂಡೋಸ್‌ಗೆ ಒಂದು ಪ್ರೋಗ್ರಾಂ ಬರೆಯುವುದು ದೊಡ್ಡ ಎಂಜಿನಿಯರುಗಳ ಕೆಲಸವಾಗಿತ್ತು. ಇದರಲ್ಲಿ ರಸೀದಿ ಹಾಳೆಯಂತೆ ಒಂದು ಖಾಲಿ ಫಾರಂ ಪರದೆ ಮೇಲೆ ಬರುತ್ತದೆ. ಹೆಸರಿಗೊಂದು ಚೌಕ, ಮೊತ್ತಕ್ಕೊಂದು ಚೌಕ, ಒತ್ತಲು ಒಂದು ಗುಂಡಿ, ಇವನ್ನು ಮೌಸಿನಿಂದ ಎಳೆದು ಕೂರಿಸಬೇಕು. ಗುಂಡಿ ಒತ್ತಿದರೆ ಏನಾಗಬೇಕು ಅನ್ನೋದನ್ನು ನಾಲ್ಕು ಸಾಲು ಬರೆದರೆ ಆಯಿತು. ಅಂಗಡಿ, ಕಚೇರಿ, ಕಾರ್ಖಾನೆಗಳಿಗೆ ಬೇಕಾದ ಪ್ರೋಗ್ರಾಂಗಳನ್ನು ಅಲ್ಲಲ್ಲೇ ಇದ್ದ ಹುಡುಗರು ಬರೆದುಕೊಡುವಂತಾಯಿತು. 1998ರಲ್ಲಿ ಬಂದ ಆರನೆಯ ಆವೃತ್ತಿಯಂತೂ ಮನೆಮಾತಾಯಿತು. ನಮ್ಮ ಸಂಘದ ಪ್ರೋಗ್ರಾಂ ಬರೆದದ್ದೂ ಅದರಲ್ಲೇ.

ಅಷ್ಟು ಜನ ನೆಚ್ಚಿಕೊಂಡಿದ್ದ ಭಾಷೆಗೆ ಅದೇ ಕೊನೆಯ ಆವೃತ್ತಿ. 2002ರಲ್ಲಿ ಕಂಪನಿ ವಿಷುಯಲ್ ಬೇಸಿಕ್ ಡಾಟ್ ನೆಟ್ ಎಂದು ಹೊಸದೊಂದನ್ನು ತಂದಿತು. ಹೆಸರು ಅದೇ, ಒಳಗೆ ಬೇರೆ. ಹಳೆಯದನ್ನು ಹೊಸದಕ್ಕೆ ತಿರುಗಿಸಲು ಒಂದು ಸಾಧನ ಕೊಟ್ಟರು. ಅದು ಅರ್ಧಂಬರ್ಧ ತಿರುಗಿಸಿ, ಉಳಿದದ್ದನ್ನು ನೀವೇ ನೋಡಿಕೊಳ್ಳಿ ಎಂದು ಗುರುತು ಹಾಕಿ ಬಿಡುತ್ತಿತ್ತು. 2005ರಲ್ಲಿ, ಕಂಪನಿಯೇ ಗೌರವ ಕೊಟ್ಟು ಗುರುತಿಸಿದ್ದ ನೂರಕ್ಕೂ ಹೆಚ್ಚು ಪರಿಣತರು ಹಳೆಯ ಭಾಷೆಯನ್ನು ಉಳಿಸಿ ಎಂದು ಮನವಿಗೆ ಸಹಿ ಹಾಕಿದರು. ಫಲ ಸಿಗಲಿಲ್ಲ. 2008ರ ಏಪ್ರಿಲ್‌ನಲ್ಲಿ ಬೆಂಬಲ ಪೂರ್ತಿ ನಿಂತಿತು. ಫಾಕ್ಸ್‌ಪ್ರೋ ಎಂಬ ಇನ್ನೊಂದು ಲೆಕ್ಕದ ಭಾಷೆಯ ಗತಿಯೂ ಹಾಗೇ. 2007ರಲ್ಲಿ ಮುಂದಿನ ಆವೃತ್ತಿ ಇಲ್ಲವೆಂದರು, 2015ರಲ್ಲಿ ಬೆಂಬಲ ಮುಗಿಯಿತು.

ಇಲ್ಲೊಂದು ವಿಚಾರ ಸ್ಪಷ್ಟವಾಗಬೇಕು. ಬೆಂಬಲ ನಿಂತರೂ ಆ ಭಾಷೆಯಲ್ಲಿ ಬರೆದ ಪ್ರೋಗ್ರಾಂಗಳು ಇವತ್ತಿನ ವಿಂಡೋಸ್‌ನಲ್ಲೂ ಓಡುತ್ತವೆ. ನಿಂತದ್ದು ತಿದ್ದುವ ಸಲಕರಣೆಯ ಪೋಷಣೆ. ಎತ್ತು ಇನ್ನೂ ನಡೀತದೆ, ಲಾಳ ಕಟ್ಟುವವರು ಸಿಗೋದಿಲ್ಲ ಅಂದ ಹಾಗೆ. ದರ ಪಟ್ಟಿಯ ರೀತಿ ಬದಲಾದರೆ, ಹೊಸ ಕಲಂ ಬೇಕಾದರೆ, ಬರೆದವರು ಊರು ಬಿಟ್ಟು ಹೋಗಿದ್ದರೆ ಯಾರನ್ನು ಕೇಳೋದು? ನಡೆಯುತ್ತಿರುವಾಗಲೇ ಬದಲಾಯಿಸಿಕೊಂಡರೆ ಹಳೆಯದನ್ನು ಪಕ್ಕದಲ್ಲಿಟ್ಟು ತಾಳೆ ನೋಡಬಹುದು. ನಿಂತ ಮೇಲೆ ತಾಳೆ ನೋಡಲು ಏನೂ ಇರುವುದಿಲ್ಲ.

ತಾಳೆ ಯಾಕೆ ಬೇಕು ಅನ್ನುವವರಿಗೆ ಮೂರು ಉದಾಹರಣೆ ಕೊಡುತ್ತೇವೆ.

ಮೊದಲನೆಯದು ಪೈಸೆ. ನಾವೆಲ್ಲ ಶಾಲೆಯಲ್ಲಿ ಕಲಿತದ್ದು ಅರ್ಧ ಬಂದರೆ ಮೇಲಕ್ಕೆ ಎಂದು. ವಿಷುಯಲ್ ಬೇಸಿಕ್‌ನ ರೌಂಡ್ ಎಂಬ ಆಜ್ಞೆ ಹಾಗಲ್ಲ. ಸರಿಯಾಗಿ ಅರ್ಧ ಬಂದರೆ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. ಎರಡೂವರೆ ರೂಪಾಯಿ ಎರಡಾಗುತ್ತದೆ, ಮೂರೂವರೆ ನಾಲ್ಕಾಗುತ್ತದೆ. ಹೊಸ ಪ್ರೋಗ್ರಾಂ ಶಾಲೆಯ ಪದ್ಧತಿಯಲ್ಲಿ ಲೆಕ್ಕ ಹಾಕಿದರೆ ಎರಡೂ ಬಟವಾಡೆ ಒಂದಕ್ಕೊಂದು ಕೂಡುವುದಿಲ್ಲ. ಕಳ್ಳತನವೂ ಇಲ್ಲ, ತಪ್ಪೂ ಇಲ್ಲ, ಆದರೂ ಅನುಮಾನ ಹುಟ್ಟಿಬಿಡುತ್ತದೆ. ಸಹಕಾರ ಸಂಘದಲ್ಲಿ ಅನುಮಾನಕ್ಕಿಂತ ದೊಡ್ಡ ರೋಗ ಇಲ್ಲ.

ಎರಡನೆಯದು ಇಸವಿ. ಎರಡೇ ಅಂಕೆ ಹೊಡೆದರೆ 30ರಿಂದ 99ರವರೆಗೆ 1900ರ ಲೆಕ್ಕಕ್ಕೆ, 00ರಿಂದ 29ರವರೆಗೆ 2000ದ ಲೆಕ್ಕಕ್ಕೆ ಸೇರಿಸುವುದು ಅದರ ರೂಢಿ. 1928ರಲ್ಲಿ ಹುಟ್ಟಿದ ಅಜ್ಜನಿಗೆ 28 ಎಂದಷ್ಟೇ ಹೊಡೆದರೆ ಆತ 2028ರಲ್ಲಿ ಹುಟ್ಟುವ ಕೂಸು! ಇಸವಿಯನ್ನು ನಾಲ್ಕೂ ಅಂಕೆಯಲ್ಲಿ ಬರೆಯಬೇಕು ಅನ್ನುವುದು ಅದಕ್ಕೇ.

ಮೂರನೆಯದು ನಮ್ಮ ಕನ್ನಡ. ಆ ಭಾಷೆಯ ಫಾರಂಗಳು ಯೂನಿಕೋಡ್ ಅಕ್ಷರ ತೋರಿಸುತ್ತಿರಲಿಲ್ಲ. ಹಾಗಾಗಿ ಸದಸ್ಯರ ಹೆಸರನ್ನು ಕನ್ನಡ ಗಣಕ ಪರಿಷತ್ತಿನ ನುಡಿಯಂತಹ ಫಾಂಟುಗಳಲ್ಲಿ ತುಂಬಬೇಕಿತ್ತು. ಅದರಲ್ಲಿ ಒಳಗೆ ಕೂತಿರೋದು ಇಂಗ್ಲಿಷ್ ಅಕ್ಷರದ ಸಂಕೇತ, ಮೇಲೆ ಕಾಣೋದು ಮಾತ್ರ ಕನ್ನಡ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಊರಿನವರ ಹೆಸರೆಲ್ಲ ಅರ್ಥವಿಲ್ಲದ ಗೀಚಾಗುತ್ತದೆ. ಹೊಸದಕ್ಕೆ ಹೋಗುವಾಗ ಯೂನಿಕೋಡ್‌ಗೆ ತಿರುಗಿಸಿ, ಒತ್ತಕ್ಷರ, ದೀರ್ಘ ಎಲ್ಲ ಸರಿ ಇದೆಯೇ ಎಂದು ಷೇರು ಪುಸ್ತಕದ ಜೊತೆ ಒಂದೊಂದೇ ಹೆಸರು ಓದಿ ನೋಡಬೇಕು. ಇದು ಕಂಪ್ಯೂಟರ್‌ನವರ ಕೆಲಸವಲ್ಲ, ಊರು ಬಲ್ಲವರ ಕೆಲಸ.

ಹಾಗಾದರೆ ಯಾವ ಭಾಷೆಗೆ ಹೋದರೆ ಕ್ಷೇಮ? ಕೋಬಾಲ್ ಎಂಬ ಭಾಷೆ 1959ರದು. ಇವತ್ತಿಗೂ ದೊಡ್ಡ ದೊಡ್ಡ ಬ್ಯಾಂಕುಗಳಲ್ಲಿ ದುಡಿಯುತ್ತಿದೆ. ಅದರ ನಿಯಮ 1968ರಲ್ಲೇ ಎಲ್ಲರಿಗೂ ಒಂದೇ ಎಂದು ಅಚ್ಚಾಯಿತು, ಹಲವು ಕಂಪನಿಗಳು ಅದನ್ನು ಪೋಷಿಸಿದವು. ವಿಷುಯಲ್ ಬೇಸಿಕ್‌ಗೆ ಒಬ್ಬನೇ ಯಜಮಾನ. ಯಜಮಾನ ಸಾಕು ಅಂದ ದಿನ ಅದರ ಬೆಳವಣಿಗೆ ನಿಂತಿತು. ಡಾಟ್ ನೆಟ್ ಆವೃತ್ತಿಯನ್ನೂ ಭಾಷೆಯಾಗಿ ಇನ್ನು ಬೆಳೆಸುವುದಿಲ್ಲ ಎಂದು ಕಂಪನಿ 2020ರಲ್ಲಿ ಹೇಳಿತು. ಅದೇ ಹೊತ್ತಿಗೆ ಲಜಾರಸ್, ಗಂಬಾಸ್ ಎಂಬ ಫಾರಂ ಎಳೆದು ಕೂರಿಸುವ ಸಾಧನಗಳನ್ನು ನಾಲ್ಕಾರು ಜನ ಸೇರಿ, ಮೂಲ ಬರಹವನ್ನು ಎಲ್ಲರಿಗೂ ಬಿಟ್ಟುಕೊಟ್ಟು ನಡೆಸುತ್ತಿದ್ದಾರೆ. ಒಬ್ಬರ ಕೈಯಲ್ಲಿ ಇರೋದಕ್ಕಿಂತ ಹಲವರ ಕೈಯಲ್ಲಿ ಇರೋದು ಬಾಳಿಕೆ ಬರುತ್ತದೆ ಎಂದು ಸಹಕಾರಿಗಳಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಭಾಷೆ ಯಾವುದೇ ಇರಲಿ, ಸಂಘದ ಕೈಯಲ್ಲಿ ಮೂರು ವಸ್ತು ಇರಲೇಬೇಕು ಎಂದು ನಮ್ಮ ಮಂಡಳಿ ನಿರ್ಣಯಿಸಿದೆ. ಲೆಕ್ಕ ಹಾಕುವ ನಿಯಮ ಕನ್ನಡದಲ್ಲಿ ಕಾಗದದ ಮೇಲೆ, ಪ್ರೋಗ್ರಾಂನ ಮೂಲ ಬರಹ ಸಂಘದ ಬೀರುವಿನಲ್ಲಿ, ಸದಸ್ಯರ ಲೆಕ್ಕದ ಪ್ರತಿ ಯಾವ ಯಂತ್ರವೂ ಓದಬಲ್ಲ ಸಾದಾ ರೂಪದಲ್ಲಿ. ಎರಡು ಬಟವಾಡೆ ಹಳೆಯದನ್ನೂ ಹೊಸದನ್ನೂ ಜೊತೆಗೆ ನಡೆಸಿ, ಪೈಸೆ ಪೈಸೆ ಕೂಡಿದ ಮೇಲೆಯೇ ಹಳೆಯದಕ್ಕೆ ವಿಶ್ರಾಂತಿ ಕೊಟ್ಟೆವು.

ಈಗಿನ ಪ್ರೋಗ್ರಾಂ ಕೂಡ ಒಂದು ದಿನ ಹಳೆಯದಾಗುತ್ತದೆ. ಸುವರ್ಣ ಮಹೋತ್ಸವದ ಹೊತ್ತಿಗೆ ನಮ್ಮ ಮಕ್ಕಳು ಇನ್ನಾವುದೋ ಭಾಷೆಯಲ್ಲಿ ಲೆಕ್ಕ ಬರೆಯುತ್ತಿರುತ್ತಾರೆ. ಆಗಲೂ ಹಾಲು ಹಾಕಿದವರ ಹೆಸರು ತಪ್ಪದಿರಲಿ, ಅವರ ಪೈಸೆ ತಪ್ಪದಿರಲಿ ಎಂದು ಹಾರೈಸುತ್ತೇವೆ.