ಲೋಫರ್ ಅನ್ನೋ ಬೈಗುಳ, ಲೋಫರ್ ಅನ್ನೋ ಶೂ

ನಮ್ಮಲ್ಲಿ ಯಾರನ್ನಾದರೂ ‘ಲೋಫರ್’ ಅಂದು ನೋಡಿ, ಜಗಳ ಗ್ಯಾರಂಟಿ. ಕೆಲಸ ಇಲ್ಲದೆ ಬೀದಿ ಸುತ್ತೋನು, ಪೋಲಿ ಅಂತ ಅದರರ್ಥ. 1973ರಲ್ಲಿ ಧರ್ಮೇಂದ್ರ ನಾಯಕನಾಗಿದ್ದ ಹಿಂದಿ ಸಿನಿಮಾಕ್ಕೂ ಇದೇ ಹೆಸರಿತ್ತು. ಆದರೆ ಅದೇ ಪದವನ್ನ ಇವತ್ತು ಯಾವುದಾದರೂ ಮಾಲ್‌ನ ಶೂ ಅಂಗಡಿಯಲ್ಲಿ ಹೇಳಿ. ಸೇಲ್ಸ್‌ಮನ್ ನಗುನಗುತ್ತಾ ಹೊಳೆಯೋ ಚರ್ಮದ ಶೂ ತಂದಿಡ್ತಾನೆ. ಲೇಸ್ ಇಲ್ಲ, ಬಕಲ್ ಇಲ್ಲ. ಕಾಲು ತೂರಿಸಿದರೆ ಮುಗೀತು.

ಬೈಗುಳಕ್ಕೂ ಶೂಗೂ ಹೆಸರು ಒಂದೇ ಆಗಿರೋದು ಕಾಕತಾಳೀಯ ಅಲ್ಲ. ಎರಡರ ಮೂಲವೂ ಒಂದೇ ಇಂಗ್ಲಿಷ್ ಪದ. ಆರಾಮಾಗಿ ಕಾಲ ಕಳೆಯುವವನ ಕಾಲಿಗೆ ಹಾಕುವ ಶೂ ಅಂತಲೇ ಅದಕ್ಕೆ ಆ ಹೆಸರು ಬಂತು. ಆದರೆ ಈ ಶೂ ಹುಟ್ಟಿದ್ದು ಸೋಮಾರಿಗಳ ನಡುವೆ ಅಲ್ಲ, ದುಡಿಯುವವರ ನಡುವೆ.

ಕಥೆ ಶುರುವಾಗೋದು ನಾರ್ವೆಯಲ್ಲಿ. ಅಲ್ಲಿ ಬೆಟ್ಟಗಳ ಸಂದಿಯಲ್ಲಿ ಸಮುದ್ರದ ನೀರು ಒಳನುಗ್ಗಿ ಬಂದಿರುವ ಜಾಗದಲ್ಲಿ ಔರ್ಲಾಂಡ್ ಅನ್ನೋ ಊರಿದೆ. 1874ರಲ್ಲಿ ಹುಟ್ಟಿದ ನಿಲ್ಸ್ ಗ್ರೆಗೋರಿಯುಸನ್ ತ್ವೆರಾಂಗರ್ ಅನ್ನೋ ಚಮ್ಮಾರ ಆ ಊರಿನವನು. ಹದಿಹರೆಯದಲ್ಲೇ ಅಮೆರಿಕಕ್ಕೆ ಹೋಗಿ ಕಸುಬು ಕಲಿತು ವಾಪಸ್ ಬಂದ. ಸುಮಾರು 1930ರ ಹೊತ್ತಿಗೆ ಲೇಸ್ ಇಲ್ಲದ ‘ಔರ್ಲಾಂಡ್ ಮೊಕಾಸಿನ್’ ತಯಾರಿಸಿದ. ಆ ಭಾಗದ ಜನ ಹಾಕಿಕೊಳ್ಳುತ್ತಿದ್ದ ಹಳೇ ಮೆಟ್ಟಿನ ಗುರುತು ಅದರಲ್ಲಿತ್ತು. ಅಮೆರಿಕದ ಮೂಲನಿವಾಸಿಗಳ ಮೊಕಾಸಿನ್ ಹೋಲಿಕೆಯೂ ಇತ್ತು.

ಮೊಕಾಸಿನ್ ಅಂದ್ರೆ ಏನು? ಸಾಮಾನ್ಯ ಶೂನಲ್ಲಿ ಚರ್ಮವನ್ನ ಮೇಲಿನಿಂದ ತಂದು ಅಟ್ಟೆಗೆ ಸೇರಿಸ್ತಾರೆ. ಮೊಕಾಸಿನ್‌ನಲ್ಲಿ ಉಲ್ಟಾ. ಒಂದೇ ಚರ್ಮ ಪಾದದ ಅಡಿಯಿಂದ ಬಂದು ಎರಡೂ ಬದಿಗೆ ಮಡಚಿಕೊಳ್ಳುತ್ತೆ, ಮೇಲೆ ಇನ್ನೊಂದು ತುಂಡು ಹೊಲಿಗೆ ಬೀಳುತ್ತೆ. ತೊಟ್ಟಿಲಲ್ಲಿ ಮಗು ಮಲಗಿದ ಹಾಗೆ ಪಾದ ಅದರೊಳಗೆ ಕೂರುತ್ತೆ. ನೂರಾರು ವರ್ಷ ಕಾಡು-ಮೇಡು ಅಲೆದ ಜನ ಕಂಡುಕೊಂಡ ಉಪಾಯ ಇದು. ಅವರಲ್ಲಿ ಒಬ್ಬರ ಹೆಸರೂ ಇತಿಹಾಸದಲ್ಲಿ ಉಳಿದಿಲ್ಲ.

ಎಂಜಿನಿಯರಿಂಗ್ ಓದಿದವನ ಚಟ, ಒಂದು ಮಾತು ಹೇಳಿಬಿಡ್ತೀನಿ. ಲೇಸ್ ಅನ್ನೋದು ಒಂದು ಅಡ್ಜಸ್ಟ್‌ಮೆಂಟ್. ಶೂ ದೊಡ್ಡದಾದರೆ ಬಿಗಿ ಮಾಡು, ಚಿಕ್ಕದಾದರೆ ಸಡಿಲ ಮಾಡು. ಅದನ್ನ ತೆಗೆದುಹಾಕಿದ ಮೇಲೆ ಶೂ ಕಾಲಲ್ಲಿ ನಿಲ್ಲೋದು ಹೇಗೆ? ಪಾದದ ಉಬ್ಬಿನ ಮೇಲೆ ಅಡ್ಡ ಪಟ್ಟಿ ಒತ್ತುತ್ತೆ, ಹಿಮ್ಮಡಿಯನ್ನ ಹಿಂಬದಿ ಗಟ್ಟಿಯಾಗಿ ಹಿಡಿಯುತ್ತೆ. ಉಳಿದ ಕೆಲಸ ಚರ್ಮದ್ದು. ಹಾಕ್ತಾ ಹಾಕ್ತಾ ಅದು ನಿಮ್ಮ ಕಾಲಿನ ಆಕಾರಕ್ಕೆ ಬರುತ್ತೆ. ಅದಕ್ಕೇ ಹೊಸ ಲೋಫರ್ ಸ್ವಲ್ಪ ಬಿಗಿಯಾಗಿರಬೇಕು. ಮೊದಲ ದಿನವೇ ಸಡಿಲ ಇದ್ದರೆ ಆಮೇಲೆ ಪ್ರತಿ ಹೆಜ್ಜೆಗೂ ಹಿಮ್ಮಡಿ ಜಾರುತ್ತೆ. ಅಂದರೆ ಹಾಕೋದು ಸುಲಭವಾದಷ್ಟೂ ಹೊಲಿಯೋದು ಕಷ್ಟ. ನಮ್ಮ ಆರಾಮದ ಹಿಂದೆ ಹೊಲಿಯೋನ ಲೆಕ್ಕಾಚಾರ ಇದೆ.

ನಾರ್ವೆಯ ಈ ಶೂ ಅಮೆರಿಕದ ಪ್ರವಾಸಿಗರ ಕಣ್ಣಿಗೆ ಬಿತ್ತು. 1930ರ ದಶಕದಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಸ್ಪಾಲ್ಡಿಂಗ್ ಕುಟುಂಬ ಇದೇ ಮಾದರಿಯ ಶೂ ಮಾಡಿ ‘ಲೋಫರ್’ ಅಂತ ಕರೀತು. ಮೇನ್ ರಾಜ್ಯದ ಜಿ.ಎಚ್. ಬಾಸ್ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. ಅಡ್ಡ ಪಟ್ಟಿಯಲ್ಲಿ ಒಂದು ಸೀಳು ಕತ್ತರಿಸಿ, ಶೂಗೆ ‘ವೀಜನ್ಸ್’ ಅಂತ ಹೆಸರಿಟ್ಟಿತು. ನಾರ್ವೀಜಿಯನ್ಸ್ ಅನ್ನೋ ಪದದ ಬಾಲ ಅದು. ದೇಶದ ಹೆಸರಲ್ಲಿ ಅರ್ಧ ಉಳೀತು, ತ್ವೆರಾಂಗರ್ ಹೆಸರು ಪೂರ್ತಿ ಹೋಯ್ತು.

ಆ ಸೀಳಿನಲ್ಲಿ ಕಾಲೇಜು ಹುಡುಗರು ಒಂದು ಸೆಂಟಿನ ನಾಣ್ಯ ಸಿಕ್ಕಿಸೋಕೆ ಶುರು ಮಾಡಿದರು. ಹಾಗೆ ‘ಪೆನ್ನಿ ಲೋಫರ್’ ಹುಟ್ಟಿತು. ತುರ್ತಾಗಿ ಫೋನ್ ಮಾಡೋಕೆ ನಾಣ್ಯ ಇಟ್ಟುಕೊಳ್ಳುತ್ತಿದ್ದರು ಅಂತ ಒಂದು ಕಥೆ ಓಡಾಡುತ್ತೆ. ಕೇಳೋಕೆ ಚಂದ. ಆದರೆ ಆ ಕಾಲದ ಅಮೆರಿಕದ ಪಬ್ಲಿಕ್ ಫೋನ್‌ಗಳಿಗೆ ಬೇಕಿದ್ದದ್ದು ಐದು ಸೆಂಟಿನ ನಾಣ್ಯ. ಪೆನ್ನಿ ಹಾಕಿದರೆ ಫೋನ್ ಹೋಗ್ತಾ ಇರಲಿಲ್ಲ. ಅದು ಬರೀ ಷೋಕಿ, ಅಷ್ಟೇ.

1953ರಲ್ಲಿ ಇಟಲಿಯ ಗುಚಿ ಕಂಪನಿ ಆ ಪಟ್ಟಿಯ ಜಾಗಕ್ಕೆ ಕುದುರೆಯ ಕಡಿವಾಣದ ಆಕಾರದ ಲೋಹದ ತುಂಡು ಕೂರಿಸಿತು. ಅಲ್ಲಿಗೆ ಶೂನ ಜಾತಕವೇ ಬದಲಾಯಿತು. ಹುಲ್ಲುಗಾವಲಿನಲ್ಲಿ ಓಡಾಡಿದ ಶೂ ಬ್ಯಾಂಕಿನವರ, ವಕೀಲರ ಕಾಲು ಸೇರಿತು. 1980ರ ದಶಕದಲ್ಲಿ ಅಮೆರಿಕದ ಸಂಸತ್ತಿನಲ್ಲಿ ತೆರಿಗೆ ಸುಧಾರಣೆಯ ದೊಡ್ಡ ಕಾಯ್ದೆ ಚರ್ಚೆಗೆ ಬಂತು. ಕಂಪನಿಗಳ ಪರ ಲಾಬಿ ಮಾಡೋರು ಸಮಿತಿ ಕೊಠಡಿಗಳ ಹೊರಗೆ ಸಾಲಾಗಿ ನಿಂತಿರುತ್ತಿದ್ದರು. ಅವರ ಕಾಲಲ್ಲಿ ಗುಚಿ ಶೂ. ಆ ಕಾರಿಡಾರ್‌ಗೇ ‘ಗುಚಿ ಗಲ್ಚ್’ ಅಂತ ಅಡ್ಡ ಹೆಸರು ಬಿತ್ತು, ಗುಚಿ ಕಣಿವೆ ಅಂತ. ಇನ್ನೊಂದು ಕಡೆ 1983ರಲ್ಲಿ ಮೈಕೆಲ್ ಜಾಕ್ಸನ್ ಟಿವಿಯಲ್ಲಿ ಮೊದಲ ಸಲ ಮೂನ್‌ವಾಕ್ ಮಾಡಿದಾಗ ಅವನ ಕಾಲಲ್ಲಿ ಇದ್ದದ್ದೂ ಕಪ್ಪು ಲೋಫರ್ರೇ. ಲಾಬಿ ಮಾಡೋನಿಗೂ ಬೇಕು, ಡ್ಯಾನ್ಸ್ ಮಾಡೋನಿಗೂ ಬೇಕು. ಯಾಕೆ ಅಂದರೆ ಈ ಶೂ ‘ನನಗೆ ಬಗ್ಗಿ ದಾರ ಕಟ್ಟೋ ಅವಸರ ಇಲ್ಲ, ನಾನು ಆರಾಮಾಗಿದ್ದೀನಿ’ ಅಂತ ಹೇಳುತ್ತೆ. ಆರಾಮಾಗಿ ಕಾಣೋದೂ ಒಂದು ಅಂತಸ್ತು.

ನಮಗೆ ಇದೇನೂ ಹೊಸದಲ್ಲ. ಹೊಸಿಲು ದಾಟುವಾಗ, ದೇವಸ್ಥಾನದ ಮುಂದೆ ದಿನಕ್ಕೆ ಹತ್ತು ಸಲ ಮೆಟ್ಟು ಬಿಡೋ ಜನ ನಾವು. ತೂರಿಸಿ ಹಾಕುವ, ಉದುರಿಸಿ ಬಿಡುವ ಪಾದರಕ್ಷೆ ನಮಗೆ ಫ್ಯಾಷನ್ ಅಲ್ಲ, ಅಗತ್ಯ. ನಮ್ಮ ಉತ್ತರ ಕರ್ನಾಟಕವೇ ಅದರ ದೊಡ್ಡ ಕಾರ್ಖಾನೆ. ಕೊಲ್ಹಾಪುರಿ ಚಪ್ಪಲಿ ಅಂತೀವಲ್ಲ, ಅದು ಬರೀ ಕೊಲ್ಹಾಪುರದ್ದಲ್ಲ. 2019ರಲ್ಲಿ ಜಿಐ ಟ್ಯಾಗ್ ಪ್ರಕಟವಾದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಪಟ್ಟಿಯಲ್ಲಿದ್ದವು: ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅಥಣಿ, ನಿಪ್ಪಾಣಿ, ಮದಭಾವಿಯ ಮನೆಗಳಲ್ಲಿ ಇವತ್ತಿಗೂ ಈ ಕೆಲಸ ನಡೀತಾ ಇದೆ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮ. ಮೊಳೆ ಇಲ್ಲ, ಚರ್ಮದ ದಾರದಲ್ಲೇ ಹೊಲಿಗೆ. ಜಡೆ ಹೆಣೆಯೋ ಸೂಕ್ಷ್ಮ ಕೆಲಸದಲ್ಲಿ ಹೆಣ್ಣುಮಕ್ಕಳ ಕೈಯೇ ಹೆಚ್ಚು. ಮಾರುಕಟ್ಟೆ ಇದ್ದ ಊರಿನ ಹೆಸರು ಚಪ್ಪಲಿಗೆ ಬಂತು, ಹೊಲಿದವರ ಊರಿನ ಹೆಸರು ಬರಲಿಲ್ಲ.

2025ರ ಜೂನ್‌ನಲ್ಲಿ ನಡೆದದ್ದು ನಿಮಗೆ ನೆನಪಿರಬೇಕು. ಮಿಲಾನ್‌ನ ಫ್ಯಾಷನ್ ಷೋನಲ್ಲಿ ಪ್ರಾಡಾ ಕಂಪನಿ ಥೇಟ್ ಕೊಲ್ಹಾಪುರಿಯಂಥ ಚಪ್ಪಲಿ ಹಾಕಿಸಿ ಮಾಡೆಲ್‌ಗಳನ್ನ ನಡೆಸಿತು. ಭಾರತದ ಹೆಸರೇ ಇಲ್ಲ, ಬರೀ ‘ಲೆದರ್ ಸ್ಯಾಂಡಲ್’. ಇಲ್ಲಿ ಗಲಾಟೆ ಆಯ್ತು. ಸ್ಫೂರ್ತಿ ಭಾರತದ್ದೇ ಅಂತ ಕಂಪನಿ ಒಪ್ಪಿಕೊಳ್ತು. ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್‌ಕಾಮ್, ನಮ್ಮ ಲಿಡ್‌ಕರ್ ಜೊತೆ ಒಪ್ಪಂದ ಆಯ್ತು. ಎರಡೂ ರಾಜ್ಯಗಳಲ್ಲಿ 2,000 ಜೊತೆ ಹೊಲಿಸೋದು, ಜೊತೆಗೆ ಸುಮಾರು 800 ಯೂರೋಗೆ ಮಾರೋದು ಅಂತ ಯೋಜನೆ ಪ್ರಕಟವಾಯ್ತು. ನಮ್ಮ ಲೆಕ್ಕದಲ್ಲಿ 80,000 ರೂಪಾಯಿಗೂ ಮೇಲೆ.

ಈಗ ತ್ವೆರಾಂಗರ್‌ನ ನೆನಪು ಮಾಡಿಕೊಳ್ಳಿ. ಔರ್ಲಾಂಡ್‌ನಲ್ಲೂ ಇದೇ ದಾರಿ ನೋಡಿದ್ವಿ. ಶೂ ಮೆಟ್ಟಿಲು ಹತ್ತಿತು, ಬೆಲೆ ಹತ್ತಿತು, ಹೊಲಿದವನು ಕೆಳಗೇ ಉಳಿದ. ಅಥಣಿಯಲ್ಲೂ ಹಾಗೇ ಆಗಬೇಕಾ? ಪ್ರಾಡಾ ಒಪ್ಪಿಕೊಂಡಿದ್ದು ಸಂತೋಷ. ಆದರೆ ಆ 80,000ದಲ್ಲಿ ಜಡೆ ಹೆಣೆದ ತಾಯಿಯ ಕೈಗೆ ಎಷ್ಟು ಬಂತು? ಲಿಡ್‌ಕರ್ ಸರ್ಕಾರದ ನಿಗಮ. ಈ ಪ್ರಶ್ನೆ ಕೇಳೋ ಹಕ್ಕು ನಮಗಿದೆ, ಉತ್ತರ ಕೊಡೋ ಜವಾಬ್ದಾರಿ ಅದಕ್ಕಿದೆ.

ಹೊಲಿದವನ ಹೆಸರು ನೆನಪಿಟ್ಟುಕೊಳ್ಳೋದು ಈ ನಾಡಿಗೆ ಗೊತ್ತಿಲ್ಲದ ವಿದ್ಯೆ ಏನಲ್ಲ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯ ತನ್ನ, ತನ್ನ ಹೆಂಡತಿಯ ತೊಡೆಯ ಚರ್ಮದಿಂದಲೇ ಬಸವಣ್ಣನಿಗೆ ಪಾದರಕ್ಷೆ ಮಾಡಿದ, ಬಸವಣ್ಣ ಅದನ್ನ ಮೆಟ್ಟಲು ಒಪ್ಪದೆ ತಲೆಯ ಮೇಲೆ ಇಟ್ಟುಕೊಂಡರು ಅನ್ನೋ ಕಥೆ ನಮ್ಮ ಮನೆಮನೆಗೂ ಗೊತ್ತು. ಆ ಚಪ್ಪಲಿ ಹೇಗಿತ್ತು ಅಂತ ಯಾರೂ ಕೇಳಲ್ಲ. ಮಾಡಿದವನ ಹೆಸರು ಮಾತ್ರ ಎಂಟು ಶತಮಾನ ದಾಟಿ ಉಳಿದಿದೆ.

ಹಾಗಾಗಿ ಸರ್ಕಾರಕ್ಕೆ ಒಂದು ಸಣ್ಣ ಬೇಡಿಕೆ. ಜಿಐ ಮುದ್ರೆ ಇರುವ ಪ್ರತಿ ಜೊತೆಯ ಮೇಲೂ ಹೊಲಿದವರ ಹೆಸರು, ಊರು ಇರಲಿ. ಅಥಣಿಯಲ್ಲಿ ಮಾರಿದರೂ ಇರಲಿ, ಮಿಲಾನ್‌ನಲ್ಲಿ ಮಾರಿದರೂ ಇರಲಿ. ಖರ್ಚು ಒಂದು ಚೀಟಿಯದ್ದು.