ಠಾಣೆ ರೈಲೂ ಬಿಎಂಎಸ್ ಡಿಗ್ರಿಯೂ

ಡೊಂಬಿವಲಿ, ಕಲ್ಯಾಣದ ನಮ್ಮ ಕನ್ನಡ ಮನೆಗಳಲ್ಲಿ ಹನ್ನೆರಡನೇ ಕ್ಲಾಸ್ ರಿಸಲ್ಟ್ ಬಂದಾಗ ಈ ಮಾತು ಕೇಳಿಸುತ್ತೆ: "ಎಂಜಿನಿಯರಿಂಗ್ ಸಿಗಲಿಲ್ವಾ? ಹಾಗಾದ್ರೆ ಬಿಎಂಎಸ್ ಮಾಡಲಿ ಬಿಡಿ." ಮ್ಯಾನೇಜ್‌ಮೆಂಟ್ ಅಂದ್ರೆ ಏನೂ ಸಿಗದವರ ಸಬ್ಜೆಕ್ಟ್ ಅನ್ನೋ ಭಾವನೆ. ಇತಿಹಾಸ ಬೇರೆಯೇ ಹೇಳುತ್ತೆ.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ರೈಲು ಬಂತು, 34 ಕಿಲೋಮೀಟರ್. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಅಂಗಡಿಯನ್ನ ಮಾಲೀಕ ಕಣ್ಣಾರೆ ನೋಡಿಕೊಳ್ಳಬಹುದು, ರೈಲನ್ನ ಆಗಲ್ಲ. ಠಾಣೆಯ ಸ್ಟೇಷನ್ ಮಾಸ್ತರನಿಗೆ ಕಲ್ಯಾಣ ಕಾಣಲ್ಲ. ಯಾರು ಯಾರಿಗೆ ವರದಿ ಕೊಡಬೇಕು, ಯಾರ ಮಾತಿಗೆ ಗಾಡಿ ನಿಲ್ಲಬೇಕು ಅಂತ ಮೊದಲೇ ಗೊತ್ತುಮಾಡದಿದ್ರೆ ಜೀವ ಹೋಗುತ್ತೆ.

ಅದೇ ಹೊತ್ತಿಗೆ ಅಮೆರಿಕದ ಈರೀ ರೈಲ್ವೆಯ ಡೇನಿಯಲ್ ಮೆಕ್‌ಕ್ಯಾಲಮ್‌ಗೂ ಇದೇ ತಲೆನೋವು. ಸುಮಾರು 80 ಕಿಲೋಮೀಟರ್ ಹಳಿಯನ್ನ ಒಬ್ಬ ಅಧಿಕಾರಿ ಖುದ್ದಾಗಿ ನೋಡಿಕೊಳ್ಳಬಲ್ಲ. 800 ಆದ್ರೆ ವ್ಯವಸ್ಥೆಯೇ ಬೇಕು ಅನ್ನೋದು ಅವನ ವಾದ. 1855ರಲ್ಲಿ ಅವನು ಮಾಡಿಸಿದ ನಕ್ಷೆಯನ್ನ ಮೊದಲ ಆರ್ಗನೈಸೇಷನ್ ಚಾರ್ಟ್ ಅಂತಾರೆ. ಅದು ಮರದ ಆಕಾರದಲ್ಲಿದೆ. ನಿರ್ದೇಶಕರು ಬೇರಿನಲ್ಲಿ, ಕೆಲಸಗಾರರು ಕೊಂಬೆಗಳಲ್ಲಿ. ನಮ್ಮ ಕಂಪನಿ ಪೋರ್ಟಲ್‌ನಲ್ಲಿ ಮರ ತಲೆಕೆಳಗಾಗಿದೆ, ಅಷ್ಟೇ!

ಪಾಠವಾಗಿ ಇದು ಕಾಲೇಜಿಗೆ ಬಂದದ್ದು ನಿಧಾನವಾಗಿ. 1913ರಲ್ಲಿ ಮುಂಬೈನ ಸಿಡೆನ್‌ಹ್ಯಾಮ್ ಕಾಲೇಜು ಕಾಮರ್ಸ್ ಶುರುಮಾಡಿತು. ಕಾರ್ಖಾನೆಗಳ ಕಾಲಕ್ಕೆ, 1963ರಲ್ಲಿ ಪೊವಾಯಿಯ ನೀಟಿ. 1965ರಲ್ಲಿ ಜಮನಾಲಾಲ್ ಬಜಾಜ್ ಸಂಸ್ಥೆ. ಇವೆರಡೂ ಡಿಗ್ರಿ ಮುಗಿಸಿದವರಿಗೆ. ಹನ್ನೆರಡನೇ ಕ್ಲಾಸ್ ಮುಗಿಸಿದ ಹುಡುಗ ಹುಡುಗಿಯರಿಗೆ ಮುಂಬೈ ವಿಶ್ವವಿದ್ಯಾಲಯ ಬಿಎಂಎಸ್ ತೆರೆದದ್ದು 1999ರ ಹೊತ್ತಿಗೆ. ಠಾಣೆ, ಕಲ್ಯಾಣ, ನವಿ ಮುಂಬೈ ಕಾಲೇಜುಗಳಿಗೆ ಅದು ಬೇಗ ಹಬ್ಬಿತು. ಸಿಎಸ್‌ಟಿಗೆ ಲೋಕಲ್ ಹಿಡಿಯದೆ ಮ್ಯಾನೇಜ್‌ಮೆಂಟ್ ಓದೋದು ಸಾಧ್ಯವಾಯ್ತು.

2024ರಲ್ಲಿ ಬಿಎಂಎಸ್, ಬಿಬಿಎ ಕೋರ್ಸ್‌ಗಳು ಎಐಸಿಟಿಇ ಅಡಿಗೆ ಬಂದವು, ಮಹಾರಾಷ್ಟ್ರದಲ್ಲಿ ಪ್ರವೇಶಕ್ಕೆ ಸಿಇಟಿ ಬಂತು. ಆಗ ಎಷ್ಟೋ ಕಾಲೇಜುಗಳು ಕೋರ್ಸಿನ ಹೆಸರನ್ನೇ ಬಿಕಾಂ ಮ್ಯಾನೇಜ್‌ಮೆಂಟ್ ಸ್ಟಡೀಸ್ ಅಂತ ಬದಲಿಸಿಕೊಂಡವು. ಅಪ್ಪ ಅಮ್ಮಂದಿರಿಗೆ ಗೊಂದಲ.

ಹಾಗಾಗಿ ಬೋರ್ಡ್ ಮೇಲಿನ ಹೆಸರು ನೋಡಿ ತೀರ್ಮಾನ ಮಾಡಬೇಡಿ. ಲೆಕ್ಕಪತ್ರ, ಆಪರೇಷನ್ಸ್, ಸಂಸ್ಥೆಯೊಳಗಿನ ಮನುಷ್ಯರ ನಡವಳಿಕೆ, ಇವನ್ನ ಯಾರು, ಎಷ್ಟು ಗಟ್ಟಿಯಾಗಿ ಕಲಿಸ್ತಾರೆ ಅಂತ ಕೇಳಿ. ರಾತ್ರಿ ಎರಡಕ್ಕೆ ಸರ್ವರ್ ಬಿದ್ದಾಗ ಐರೋಲಿಯವರು ಬೆಂಗಳೂರಲ್ಲಿ ಯಾರನ್ನ ಎಬ್ಬಿಸಬೇಕು ಅನ್ನೋದೂ ಠಾಣೆ ಮಾಸ್ತರನ ಪ್ರಶ್ನೆಯೇ. ಒಬ್ಬರಿಗೊಬ್ಬರು ಕಾಣದ ಜನ ನಂಬಿಕೆಯಿಂದ ಒಟ್ಟಿಗೆ ಕೆಲಸ ಮಾಡೋದು ಹೇಗೆ? ಇದನ್ನ ಮೂರು ವರ್ಷ ಓದೋ ಮಗುವಿಗೆ "ಬಿಡಿ" ಅನ್ನಬೇಡಿ.