ವಸಡಿನ ಬ್ಯಾಕ್ಟೀರಿಯಾ ಮತ್ತು ದೊಡ್ಡಕರುಳಿನ ಕ್ಯಾನ್ಸರ್: ಸಾಕ್ಷ್ಯದ ಬಲಾಬಲ

ವಸಡಿನ ರೋಗಕ್ಕೂ ಕ್ಯಾನ್ಸರಿಗೂ ನಂಟಿದೆ ಎನ್ನುವ ಅಧ್ಯಯನಗಳಲ್ಲಿ ಬಹುಪಾಲು ಅಂಕಿಅಂಶದ ಹೊಂದಾಣಿಕೆಯಲ್ಲೇ ನಿಲ್ಲುತ್ತವೆ. ಅಮೆರಿಕದ ಪುರುಷ ಆರೋಗ್ಯವೃತ್ತಿಪರರನ್ನು ವರ್ಷಗಟ್ಟಲೆ ಗಮನಿಸಿದ ಡಾಮಿನಿಕ್ ಮಿಶೋ ತಂಡ, ವಸಡಿನ ರೋಗ ಇದ್ದವರಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನ ಅಪಾಯ ಶೇ. 64ರಷ್ಟು ಹೆಚ್ಚೆಂದು 2007ರಲ್ಲಿ ವರದಿ ಮಾಡಿತು. ಎಂದೂ ಸಿಗರೇಟು ಸೇದದವರಲ್ಲೂ ಈ ನಂಟು ಕಂಡಿದ್ದು ಗಮನಾರ್ಹ. ಆದರೂ ಇದು ಕಾರಣವನ್ನು ಸಾಬೀತುಪಡಿಸುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಇರುವುದು ಫ್ಯೂಸೋಬ್ಯಾಕ್ಟೀರಿಯಂ ನ್ಯೂಕ್ಲಿಯೇಟಮ್ ವಿಷಯದಲ್ಲಿ. ಹಲ್ಲಿನ ಪಾಚಿಯಲ್ಲಿ ಉಳಿದ ಬ್ಯಾಕ್ಟೀರಿಯಾಗಳನ್ನು ಒಂದಕ್ಕೊಂದು ಬೆಸೆಯುವ, ಆಮ್ಲಜನಕ ಬೇಡದ ಜೀವಿಯಿದು. ದೊಡ್ಡಕರುಳಿನ ಗಡ್ಡೆಗಳಲ್ಲಿ ಇದು ದಟ್ಟವಾಗಿರುವುದನ್ನು 2012ರಲ್ಲಿ ಅಮೆರಿಕ ಹಾಗೂ ಕೆನಡಾದ ಎರಡು ತಂಡಗಳು ಬೇರೆ ಬೇರೆಯಾಗಿಯೇ ಕಂಡುಕೊಂಡವು. ಮರುವರ್ಷ ಯಿಪಿಂಗ್ ಹಾನ್ ತಂಡ, ಇದರ ಫ್ಯಾಡ್-ಎ ಪ್ರೋಟೀನು ಕರುಳಿನ ಜೀವಕೋಶದ ಮೇಲಿನ ಪ್ರೋಟೀನಾದ ಇ-ಕ್ಯಾಡೆರಿನ್‌ಗೆ ಅಂಟಿಕೊಂಡು ಕೋಶವಿಭಜನೆಯನ್ನು ಕೆರಳಿಸುವ ಬಗೆಯನ್ನು ತೋರಿಸಿತು. ಫ್ಯಾಪ್-2 ಎಂಬ ಇನ್ನೊಂದು ಪ್ರೋಟೀನು, ಗಡ್ಡೆಯ ಮೇಲೆರಗಬೇಕಾದ ರೋಗನಿರೋಧಕ ಕೋಶಗಳನ್ನೇ ತಡೆಯುತ್ತದೆ.

ನನ್ನ ದೃಷ್ಟಿಯಲ್ಲಿ ನಿರ್ಣಾಯಕವಾದದ್ದು 2017ರ ಪ್ರಯೋಗ. ಸೂಸನ್ ಬುಲ್ಮನ್ ಮತ್ತು ಸಂಗಡಿಗರು ರೋಗಿಗಳ ಗಡ್ಡೆಯ ತುಣುಕನ್ನು ಇಲಿಗಳಲ್ಲಿ ನೆಟ್ಟು ಬೆಳೆಸಿದರು. ಒಂದು ಇಲಿಯಿಂದ ಇನ್ನೊಂದಕ್ಕೆ ದಾಟಿಸಿದರೂ ಬ್ಯಾಕ್ಟೀರಿಯಾ ಗಡ್ಡೆಯೊಳಗೆ ಜೀವಂತವಾಗಿಯೇ ಉಳಿಯಿತು. ನಮ್ಮ ಔಷಧದಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ, ಬ್ಯಾಕ್ಟೀರಿಯಾ ಕೊಲ್ಲುವ ಮದ್ದಾದ ಮೆಟ್ರೊನಿಡಜೋಲ್ ಕೊಟ್ಟಾಗ ಗಡ್ಡೆಯ ಬೆಳವಣಿಗೆ ತಗ್ಗಿತು. ಫ್ಯೂಸೋಬ್ಯಾಕ್ಟೀರಿಯಂ ಇಲ್ಲದ ಗಡ್ಡೆಯ ಮೇಲೆ ಅದೇ ಮದ್ದಿನಿಂದ ಹೇಳಿಕೊಳ್ಳುವಂಥ ಪರಿಣಾಮವಾಗಲಿಲ್ಲ. ಯಕೃತ್ತಿಗೆ ಹರಡಿದ ಗಡ್ಡೆಗಳಲ್ಲೂ ಮೂಲಗಡ್ಡೆಯ ತಳಿಯೇ ಸಿಕ್ಕಿತು.

ಹಾಗಾಗಿ ಎರಡು ಪ್ರಶ್ನೆಗಳನ್ನು ಬೇರ್ಪಡಿಸಲೇಬೇಕು. ಹುಟ್ಟಿದ ಗಡ್ಡೆಯನ್ನು ಈ ಬ್ಯಾಕ್ಟೀರಿಯಾ ಪೋಷಿಸುತ್ತದೆ ಎನ್ನಲು ಆಧಾರ ಬಲವಾಗಿದೆ. ಮನುಷ್ಯರಲ್ಲಿ ಇದೇ ಗಡ್ಡೆಯನ್ನು ಹುಟ್ಟುಹಾಕುತ್ತದೆ ಎನ್ನುವ ಮಾತು ಇನ್ನೂ ಸಿದ್ಧವಾಗಿಲ್ಲ. ಜಠರದ ಹೆಲಿಕೋಬ್ಯಾಕ್ಟರ್ ಪೈಲೊರಿಯನ್ನು 1994ರಲ್ಲೇ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಲಾಯಿತು. ಅದನ್ನು ನಿರ್ಮೂಲ ಮಾಡಿದರೆ ಕ್ಯಾನ್ಸರ್ ಕಡಿಮೆಯಾಗುವುದು ಮಾನವ ಪ್ರಯೋಗಗಳಲ್ಲೇ ಕಂಡಿದೆ. ವಸಡಿನ ಚಿಕಿತ್ಸೆಗೆ ಅಂಥ ಪುರಾವೆ ಒದಗಿಲ್ಲ. ಭಾರತದಲ್ಲಂತೂ ತಂಬಾಕು, ಅಡಿಕೆ ಎರಡೂ ಬಾಯಿಯ ಕ್ಯಾನ್ಸರಿಗೆ ಕಾರಣ, ತಂಬಾಕು ವಸಡನ್ನೂ ಕೆಡಿಸುತ್ತದೆ. ಇಲ್ಲಿ ನಡೆಯುವ ಅಧ್ಯಯನಗಳು ಇವುಗಳ ಪ್ರಭಾವವನ್ನು ಮೊದಲು ಬಿಡಿಸಿಕೊಳ್ಳಬೇಕು.

2024ರಲ್ಲಿ ಸಿಯಾಟಲ್‌ನ ಫ್ರೆಡ್ ಹಚ್ ಕೇಂದ್ರದ ಸಂಶೋಧಕರು ಪ್ರಶ್ನೆಯನ್ನು ಇನ್ನಷ್ಟು ಕಿರಿದುಗೊಳಿಸಿದರು. ಅವರು ಪರೀಕ್ಷಿಸಿದ ಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇದ್ದದ್ದು ಫ್ಯೂಸೋಬ್ಯಾಕ್ಟೀರಿಯಂ ನ್ಯೂಕ್ಲಿಯೇಟಮಿನ ಅನಿಮಾಲಿಸ್ ಉಪಜಾತಿಯ ಒಂದೇ ಒಂದು ಕವಲು. ಆಮ್ಲವನ್ನು ತಾಳಿಕೊಳ್ಳುವ ಶಕ್ತಿ ಅದಕ್ಕೆ ಹೆಚ್ಚು. ಮೆಟ್ರೊನಿಡಜೋಲ್ ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುವುದರಿಂದ, ಈ ಕವಲೊಂದನ್ನೇ ಗುರಿಯಾಗಿಸುವ ಮದ್ದಿನ ಹುಡುಕಾಟಕ್ಕೆ ಈಗ ಅರ್ಥ ಬಂದಿದೆ.